ಎರಡು ಸಲ ಬಂದ ಹುಟ್ಟುಹಬ್ಬ

ಹೋದ ವಾರ ಅಂಗಡಿಯ ಕೆಲಸದ ಮೇಲೆ ಸವಣೂರಿಗೆ ಹೋಗಿದ್ದೆ. ನಾನೀಗ ಇರುವ ಶಿಗ್ಗಾಂವದಿಂದ ಸವಣೂರು ದೂರವೇನಲ್ಲ. ಆದರೂ ಆ ಊರಿನ ಕೆಲಸ ಬಂದಾಗಲೆಲ್ಲ ಏನಾದರೂ ನೆವ ಹೇಳಿ ಬೇರೆಯವರನ್ನು ಕಳಿಸಿಬಿಡುತ್ತಿದ್ದೆ. ಈ ಸಲ ಕಳಿಸಲು ಯಾರೂ ಸಿಗಲಿಲ್ಲ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಖಾರಾ ಕರಿಯುವ ವಾಸನೆ ಮೂಗಿಗೆ ಬಡಿಯಿತು. ಕಡಲೆಹಿಟ್ಟು, ಕಾದ ಎಣ್ಣೆ, ಕರಿಬೇವು. ಸವಣೂರು ಖಾರಾ ಎಂದರೆ ನಮ್ಮ ಕಡೆ ಬಾಯಲ್ಲಿ ನೀರೂರದವರು ಕಡಿಮೆ. ನಾನು ಮಾತ್ರ ಆ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಇದರಲ್ಲಿ ಖಾರಾದ ತಪ್ಪೇನೂ ಇಲ್ಲ.

ಹತ್ತು ವರ್ಷದ ಹಿಂದೆ ಬೀಜದ ಕಂಪನಿಯೊಂದರ ಕೆಲಸ ಸಿಕ್ಕಿತೆಂದು, ಹಿರೇಕೆರೂರು ಕಡೆಯ ನಮ್ಮ ಹಳ್ಳಿ ಬಿಟ್ಟು, ಹೆಂಡತಿ ಮಗಳೊಂದಿಗೆ ಒಂದು ವರ್ಷ ಸವಣೂರಿನಲ್ಲಿದ್ದೆ. ಮೋಟಾರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ, ನಮ್ಮದೇ ಗೋವಿನಜೋಳದ ಬೀಜ ಬಿತ್ತಿರೆಂದು ರೈತರಿಗೆ ಹೇಳುವುದು ನನ್ನ ಕೆಲಸ. ಆ ವರ್ಷ ಮಳೆ ಆಡಿದ ಆಟ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಜೂನ್ ಮೊದಲಿನ ಮಿರಗದ ಮಳೆ ಚೆನ್ನಾಗಿ ಬಂತು, ಎಲ್ಲರೂ ಬಿತ್ತಿದರು. ಆಮೇಲೆ ಇಪ್ಪತ್ತು ದಿನ ಮೋಡ ಮುಖ ತೋರಿಸಲಿಲ್ಲ. ಬೀಜ ಅಲ್ಲೊಂದು ಇಲ್ಲೊಂದು ಮೊಳೆಯಿತು. ಶ್ರಾವಣ ಹತ್ತಿರ ಬಂದಾಗ ಬೇಡವೆಂದರೂ ಬಿಡದ ಜಿಟಿಜಿಟಿ ಹಿಡಿಯಿತು. ಮಳೆಯನ್ನು ಬೈದು ಪ್ರಯೋಜನವಿಲ್ಲದ ರೈತರು ನನ್ನನ್ನು ಬೈಯುತ್ತಿದ್ದರು. ಸಂಬಳ ಕೇಳಿದರೆ ಕಂಪನಿಯವರು ಬರುವ ತಿಂಗಳು ನೋಡೋಣ ಎನ್ನುತ್ತಿದ್ದರು. ಕೆಸರು ಮೆತ್ತಿದ ಪ್ಯಾಂಟು, ಬೈಸಿಕೊಂಡ ಮುಖ, ಎರಡನ್ನೂ ಹೊತ್ತುಕೊಂಡು ಸಂಜೆ ಮನೆಗೆ ಬರುತ್ತಿದ್ದೆ.

ಮಗಳ ಹೆಸರು ಸಮೃದ್ಧಿ. ಹೆಸರಿಗೆ ಖರ್ಚಿಲ್ಲವಲ್ಲ, ಹಾಗಾಗಿ ದೊಡ್ಡದನ್ನೇ ಇಟ್ಟಿದ್ದೆವು. ಮನೆಯಲ್ಲಿ ಸಮ್ಮು. ಆಗ ಒಂದನೆಯ ತರಗತಿಯಲ್ಲಿದ್ದಳು, ಅಕ್ಷರ ಕೂಡಿಸಿ ಕೂಡಿಸಿ ಓದುವುದನ್ನು ಆಗಷ್ಟೇ ಕಲಿತಿದ್ದಳು. ಸಾಲಿ ಶುರುವಾದ ಹೊಸತರಲ್ಲಿ ಅವಳ ತರಗತಿಯ ಹುಡುಗಿಯೊಬ್ಬಳ ಹುಟ್ಟುಹಬ್ಬಕ್ಕೆ ಹೋಗಿಬಂದವಳು ಎರಡು ದಿನ ಬೇರೆ ಮಾತೇ ಆಡಲಿಲ್ಲ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹುಟ್ಟುಹಬ್ಬವೆಂದರೆ ಹೊಸ ಅಂಗಿ, ಒಂದಿಷ್ಟು ಪಾಯಸ. ಒಂದನೆಯ ತರಗತಿಗೆ ಬಂದ ಮೇಲೆ ದೊಡ್ಡದಾಗಿ ಮಾಡೋಣ ಎಂದು ಹಿಂದೊಮ್ಮೆ ಬಾಯಿತಪ್ಪಿ ಹೇಳಿದ್ದೆ. ಮಕ್ಕಳು ಇಂಥವನ್ನು ಮರೆಯುವುದಿಲ್ಲ.

"ಪಪ್ಪಾ, ನನ್ನ ಬರ್ತಡೇಕ್ಕ ಭಾಳ ಮಂದಿ ಬರಬೇಕು. ಕುಂದ್ರಾಕ ಜಾಗಾನ ಇರಬಾರ್ದು, ಅಷ್ಟು," ಎಂದಳು.

"ಕೇಕು ಎಷ್ಟ ದೊಡ್ಡದು ಬೇಕು?"

"ಸಣ್ಣದಾದ್ರೂ ನಡೀತೈತಿ. ಮಂದಿ ಬೇಕು. ಮತ್ತ ಕ್ಯಾಂಡಲ್ ನಾನ ಆರಿಸ್ತೇನಿ."

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಎದುರಿಗಿನ ಲೋಟಕ್ಕೆ ಉಫ್ ಎಂದು ಊದುವುದು ಶುರುವಾಯಿತು. ಒಂದೇ ಉಸಿರಿಗೆ ಆರಬೇಕಂತೆ, ಇಲ್ಲದಿದ್ದರೆ ಹುಡುಗರು ನಗುತ್ತಾರಂತೆ.

ನನ್ನ ಹೆಂಡತಿ ಸುನಂದಾ ಎರಡು ನಿಮಿಷದಲ್ಲಿ ಎಲ್ಲ ಹೊಂದಿಸಿಬಿಟ್ಟಳು. "ಹೆಚ್ಚಂದ್ರ ಎಂಟ ಹುಡುಗರು ಬರ್ತಾವ್ರಿ. ಗಿರ್ಮಿಟ್ ಮಾಡ್ತೇನಿ, ಸ್ವಲ್ಪ ಶಿರಾ ಮಾಡ್ತೇನಿ. ಒಂದ ಸಣ್ಣ ಕೇಕ್ ತರ್ರಿ, ಇಲ್ಲೇ ಮೂಲಿ ಅಂಗಡ್ಯಾಗಿಂದ ಒಂದೀಟ ಖಾರಾ ತರ್ರಿ. ಬಲೂನ್ ನಾನ ಊದ್ತೇನಿ. ಮತ್ತೇನ್ ಬೇಕು?"

ನಿಜವಾಗಿ ಮತ್ತೇನೂ ಬೇಕಿರಲಿಲ್ಲ. ನಾನು ಒಪ್ಪಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ನನಗೊಂದು ಚಟವಿತ್ತು. ಜೇಬಿನಿಂದ ದುಡ್ಡು ಹೋಗಬಾರದು, ನೋಡಿದವರಿಗೆ ಮಾತ್ರ ಭರ್ಜರಿ ಎನಿಸಬೇಕು. ಗಿರ್ಮಿಟ್ಟು ಕೊಟ್ಟು ಹುಟ್ಟುಹಬ್ಬ ಮಾಡಿದನೆಂದು ಓಣಿಯವರು ಆಡಿಕೊಂಡರೆ? ಮಂಡಕ್ಕಿಗೆ ಈರುಳ್ಳಿ ಹಚ್ಚಿ ಕೊಟ್ಟರೆ ಎಂಟು ಹುಡುಗರಲ್ಲಿ ಒಬ್ಬನೂ ಆಡಿಕೊಳ್ಳುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಹಾನಗಲ್ಲಿನಿಂದ ಫೋನು ಬಂತು. ನನ್ನ ತಂಗಿ ರೇಣುಕಾಳನ್ನು ಆ ಊರಿಗೆ ಕೊಟ್ಟಿದ್ದೆವು. ಅವಳಿಗೆ ಏಳು ತಿಂಗಳಾಗಿತ್ತು, ಶ್ರಾವಣದ ಮೊದಲ ರವಿವಾರ ಕುಬಸ. ಬಸುರಿಯನ್ನು ಕೂರಿಸಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ಅಣ್ಣನಾದ ನಾನು ಸೀರೆ, ಬಳೆ, ಸಿಹಿಬುತ್ತಿ ಒಯ್ಯಲೇಬೇಕು. ಅದನ್ನೆಲ್ಲ ಕೂಡಿಸಿ ಕಳೆದು ಕೂತಿದ್ದಾಗ ನನಗೊಂದು ಉಪಾಯ ಹೊಳೆಯಿತು. ಎಂಥ ಬುದ್ಧಿವಂತ ನಾನು ಎಂದು ಒಳಗೊಳಗೇ ಹಿಗ್ಗಿದ್ದು ಚೆನ್ನಾಗಿ ನೆನಪಿದೆ.

"ಸುನಂದಾ, ಹಾನಗಲ್ಲಾಗ ಏನಿಲ್ಲಂದ್ರೂ ನೂರೈವತ್ತ ಮಂದಿ ಕೂಡ್ತಾರ. ಪೆಂಡಾಲ ಇರ್ತೈತಿ, ಊಟ ಇರ್ತೈತಿ. ನಾವೊಂದು ಕೇಕ್ ಒಯ್ದ್ರ ಮುಗೀತು. ಅಕಿಗೆ ಮಂದಿ ಬೇಕಿಲ್ಲೋ?"

"ಅಕಿ ಬರ್ತಡೇ ಹನ್ನೊಂದ ದಿನ ಮುಂದ ಐತಲ್ರಿ. ಗುರುವಾರ."

"ಅಕಿಗೇನ್ ಗೊತ್ತಾಕ್ಕೈತಿ? ರವಿವಾರನ ನಿನ್ನ ಬರ್ತಡೇ ಅಂದ್ರಾತು. ನನ್ನ ತಾರೀಖ ಜೂನ್ ಒಂದು ಐತಿ. ನಾ ಏನ್ ಜೂನ್ ಒಂದಕ್ಕ ಹುಟ್ಟೇನೇನು?"

ಇದು ಸುಳ್ಳಲ್ಲ. ನಮ್ಮೂರ ಸಾಲಿಯಲ್ಲಿ ನನ್ನ ವಾರಿಗೆಯವರು ಮುಕ್ಕಾಲು ಪಾಲು ಜೂನ್ ಒಂದರಂದೇ ಹುಟ್ಟಿದವರು. ಹೆಸರು ಹಚ್ಚಲು ಕರೆತಂದ ಅಪ್ಪಂದಿರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಹುಡುಗನ ಎತ್ತರ ನೋಡಿ ಮಾಸ್ತರರು ವರ್ಷ ಹಾಕಿ, ಮುಂದೆ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಹುಟ್ಟಿದ್ದು ಯಾವಾಗ ಎಂದು ಅವ್ವನನ್ನು ಕೇಳಿದರೆ, "ಜ್ವಾಳ ಎದಿಮಟ ಇದ್ವು. ಎಮ್ಮಿ ಈದಿತ್ತು," ಎನ್ನುತ್ತಿದ್ದಳು. ಎಮ್ಮೆಕರುವಿನದೂ ನನ್ನದೂ ಒಂದೇ ವಾರವಂತೆ. ಹೀಗೆ ಬೆಳೆದವನಿಗೆ ತಾರೀಖೆಂದರೆ ಮಾಸ್ತರರ ಅನುಕೂಲಕ್ಕೆ ಬರೆಯುವಂಥದ್ದು. ಅದರಲ್ಲಿ ಮನಸ್ಸು ಇಡುವವರೂ ಇರುತ್ತಾರೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಸುನಂದಾ ಒಪ್ಪಲಿಲ್ಲ. "ಏನರ ಮಾಡ್ಕೋರಿ," ಎಂದು ಒಳಗೆ ಹೋದಳು. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಆ ರವಿವಾರ ಹಾನಗಲ್ಲಿನಲ್ಲಿ ಇಳಿದಾಗ ಮಳೆ ಸಣ್ಣಗೆ ಹಿಡಿದಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲಿ ಕೇಕು ತೆಗೆದುಕೊಂಡೆವು. ಅದರ ಜೊತೆ ಆರರ ಅಂಕಿಯ ಆಕಾರದ, ಗುಲಾಬಿ ಬಣ್ಣದ ಮೇಣದಬತ್ತಿ. ಅದನ್ನು ಸಮ್ಮು ಯಾರ ಕೈಗೂ ಕೊಡಲಿಲ್ಲ. ರೇಣುಕಾಳ ಮನೆಯ ಮುಂದೆ ಪೆಂಡಾಲು, ಸಾಲು ಕುರ್ಚಿ, ತುಂಬ ಜನ. ಒಳಗೆ ಕಾಲಿಟ್ಟವಳೇ ಸಮ್ಮು ನನ್ನ ಕೈ ಹಿಚುಕಿದಳು.

"ಪಪ್ಪಾ, ಇಷ್ಟೂ ಮಂದಿ ನನಗೇನು?"

"ಮತ್ತ? ನಿನಗ," ಎಂದೆ.

ರೇಣುಕಾ ಹಸಿರು ಸೀರೆಯಲ್ಲಿ, ಜಡೆಗೆ ಮಲ್ಲಿಗೆ ಮೊಗ್ಗು ಹೆಣೆಸಿಕೊಂಡು ದೊಡ್ಡ ಕುರ್ಚಿಯ ಮೇಲೆ ಕೂತಿದ್ದಳು. ಸಮ್ಮು ಹೋಗಿ ಅವಳ ಪಕ್ಕದಲ್ಲೇ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ರೇಣುಕಾಳ ಉಡಿಯಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕುತ್ತಿದ್ದರೆ ಇವಳೂ ಫ್ರಾಕಿನ ಅಂಚು ಹಿಡಿದು ಮುಂದೆ ಚಾಚಿದಳು. "ನಿನಗಿನ್ನೂ ಟೈಮ್ ಐತಿ ಬಿಡವ್ವಾ!" ಎಂದು ಮುದುಕಿಯೊಬ್ಬಳು ಅಂದಳು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಾನೂ ನಕ್ಕೆ. ಸಮ್ಮು ಮಾತ್ರ ಫ್ರಾಕಿನ ಅಂಚನ್ನು ಮೆಲ್ಲಗೆ ಕೆಳಗೆ ಬಿಟ್ಟಳು.

ಆಮೇಲೆ ಹಿಂದೆ ಕಟ್ಟಿದ್ದ ಬ್ಯಾನರಿನ ಅಕ್ಷರ ಓದತೊಡಗಿದಳು. ರೇ, ಣು, ಕಾ. ಕೊನೆಯವರೆಗೂ ಓದಿ ನನ್ನ ಕಡೆ ತಿರುಗಿ, "ನನ್ನ ಹೆಸರೆಲ್ಲೈತಿ ಪಪ್ಪಾ?" ಎಂದು ಕೇಳಿದಳು. ಕೇಕಿನ ಮ್ಯಾಲೆ ಐತಿ ತಡಿ ಎಂದು, ಆ ಮಾತು ಅಲ್ಲಿಗೇ ಮುಗಿಸಲು ಕೇಕು ತಂದು ಮೇಜಿನ ಮೇಲಿಟ್ಟು ಬೆಂಕಿಪೊಟ್ಟಣ ತೆಗೆದೆ.

ರೇಣುಕಾಳ ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಓಡಿಬಂದರು. "ಏನ್ ಬೀಗರ ಇದು? ಶುಭಕಾರ್ಯದಾಗ ಯಾರರ ದೀಪ ಆರಿಸ್ತಾರೇನು? ಅದೂ ಬಸುರಿ ಹೆಂಗಸಿನ ಮುಂದ? ಬ್ಯಾಡ್ರಿ, ತಗೀರಿ ಅದನ್ನ!"

ಅವರು ಹೇಳಿದ್ದು ಸರಿಯೇ. ನಮ್ಮ ಮನೆಯಲ್ಲಾದರೂ ಅವ್ವ ಅದನ್ನೇ ಹೇಳುತ್ತಿದ್ದಳು. ದೀಪ ಹಚ್ಚುವ ಕಾರ್ಯಕ್ಕೆ ದೀಪ ಆರಿಸುವ ಕಾರ್ಯವನ್ನು ತಂದು ಜೋಡಿಸಿದ ಬುದ್ಧಿವಂತ ನಾನೊಬ್ಬನೇ. ಪಾಪ ರೇಣುಕಾ, "ಇರ್ಲಿ ಬಿಡ್ರಿ ಅತ್ತಿ, ಕೂಸು. ಕ್ಯಾಂಡಲ್ ಬ್ಯಾಡ, ಹಂಗ ಕೊಯ್ಯಲಿ," ಎಂದಳು. ಸಮ್ಮು ಹಾಗೇ ಕೊಯ್ದಳು. ಎರಡು ತಿಂಗಳು ಲೋಟ ಊದಿದ ಹುಡುಗಿ ತುಟಿ ಬಿಗಿಹಿಡಿದು ಕೇಕು ಕೊಯ್ಯುವುದನ್ನು ನಾನು ನೋಡಿದೆ, ನೋಡಿಯೂ ಫೋಟೋ ತೆಗೆಯುವುದರಲ್ಲಿದ್ದೆ. ಕೇಕು ಇದ್ದಷ್ಟು ಜನರಿಗೆ ಸಾಲಲಿಲ್ಲ. ಕೊನೆಯಲ್ಲಿ ಅವಳಿಗೇ ಉಳಿದಿರಲಿಲ್ಲ. ಬಂದವರು ಉಡುಗೊರೆಯೆಂದು ತಂದ ಆಹೇರಿನ ಪಾಕೀಟುಗಳೆಲ್ಲ ರೇಣುಕಾಳ ಕೈ ಸೇರಿದವು, ಸೇರಬೇಕಾದ್ದೂ ಅಲ್ಲಿಗೇ. ವಾಪಸು ಬರುವಾಗ ಬಸ್ಸಿನಲ್ಲಿ ಸಮ್ಮು ಕಿಟಕಿಗೆ ತಲೆಯಾನಿಸಿ ಕೂತಳು. ಆ ಮೇಣದಬತ್ತಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆಹೋದಳು. ದಣಿದಿದ್ದಾಳೆ ಎಂದುಕೊಂಡೆ. ಕೆಲಸ ಅಗ್ಗದಲ್ಲಿ ಮುಗಿಯಿತು ಎಂದೂ ಅಂದುಕೊಂಡೆ.

ಹನ್ನೊಂದು ದಿನ ಕಳೆದು ಗುರುವಾರ ಬಂತು. ಅಂದು ಬೆಳಿಗ್ಗೆ ಒಂದು ಹಳ್ಳಿಯಲ್ಲಿ ರೈತರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಧ್ಯಾಹ್ನದವರೆಗೆ ಬಿಡಲಿಲ್ಲ. ಒಬ್ಬರು ಖಾಲಿ ಬೀಜದ ಚೀಲ ತಂದು ನನ್ನ ತೊಡೆಯ ಮೇಲೆ ಎಸೆದು, "ಇದನ್ನ ಹೊಚ್ಕೊಂಡ ಮಲಗ್ರಿ," ಎಂದರು. ಬರುವಾಗ ಗಾಡಿ ಎರಡು ಸಲ ಕೆಸರಿನಲ್ಲಿ ಸಿಕ್ಕಿತು. ಸುನಂದಾ ಮಹಿಳಾ ಸಂಘದ ಮೀಟಿಂಗಿಗೆ ಹೋಗುವ ದಿನ ಅದು. ಸಮ್ಮು ಸಾಲಿಯಿಂದ ಬಂದರೆ ಮನೆ ಮಾಲಕಿ ಬಾಗಿಲು ತೆಗೆದುಕೊಟ್ಟು ಕಣ್ಣಿಟ್ಟಿರುತ್ತಿದ್ದರು.

ನಾನು ಬಾಗಿಲಲ್ಲಿ ಬೂಟು ಬಿಚ್ಚುತ್ತ ಒಳಗೆ ನೋಡಿದೆ. ನಡುಮನೆಯಲ್ಲಿ ಜಮಖಾನ ಹಾಸಿತ್ತು. ನಾಲ್ಕು ಹುಡುಗರು ಸಾಲಾಗಿ ಕಾಲು ಮಡಚಿ ಕೂತಿದ್ದರು. ಒಬ್ಬೊಬ್ಬರ ಮುಂದೆಯೂ ಒಂದೊಂದು ಸ್ಟೀಲಿನ ತಾಟು. ತೊಳೆದು, ಒರೆಸಿ ಇಟ್ಟ ಖಾಲಿ ತಾಟು. ನಡುವೆ ಬಟ್ಟಲೊಂದನ್ನು ಬೋರಲು ಹಾಕಿ, ಅದರ ಮೇಲೆ ಆರರ ಮೇಣದಬತ್ತಿ ನಿಲ್ಲಿಸಿದ್ದಳು. ಹಾನಗಲ್ಲಿಗೆ ಹಾಕಿಕೊಂಡಿದ್ದ ಅದೇ ಫ್ರಾಕು ಹಾಕಿಕೊಂಡು, ಬೆನ್ನಿನ ಗುಂಡಿ ಹಾಕಲು ಬಾರದೆ ಹಾಗೇ ಬಿಟ್ಟುಕೊಂಡು ಓಡಿಬಂದಳು.

"ಪಪ್ಪಾ! ಇವತ್ತ ಖರೇ ಬರ್ತಡೇ ಅಂತ! ಟೀಚರ್ ಪ್ರಾರ್ಥನಾದಾಗ ನನ್ನ ಹೆಸರ ಕರದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಇವರನ್ನ ಕರಕೊಂಡ ಬಂದೇನಿ. ಪಪ್ಪಾ ಬರೂತನಾ ತಡ್ರಿ ಅಂತ ಹೇಳೇನಿ."

ಏನು ಮಾಡಬಹುದಿತ್ತು ಎಂದು ಈ ಹತ್ತು ವರ್ಷಗಳಲ್ಲಿ ಎಷ್ಟು ಸಲ ಯೋಚಿಸಿದ್ದೇನೋ. ಖಾರಾದ ಅಂಗಡಿ ಓಣಿಯ ಮೂಲೆಯಲ್ಲೇ ಇತ್ತು. ಆ ಹೊತ್ತಿಗೆ ಬಿಸಿ ಖಾರಾ ತೆಗೆಯುತ್ತಾರೆ, ಅದರ ವಾಸನೆ ನಮ್ಮ ಬಾಗಿಲವರೆಗೂ ಬಂದಿತ್ತು. ಜೇಬಿನಲ್ಲಿ ದುಡ್ಡೂ ಇತ್ತು. ಬಿಚ್ಚಿದ ಬೂಟು ಮತ್ತೆ ಹಾಕಿಕೊಂಡು ಐದು ನಿಮಿಷದಲ್ಲಿ ಹೋಗಿಬಂದಿದ್ದರೆ ತಾಟು ತುಂಬುತ್ತಿದ್ದವು. ಬೆಂಕಿಕಡ್ಡಿ ಗೀರಿದ್ದರೆ ಅವಳು ಊದುತ್ತಿದ್ದಳು. ನಾನು ಹಾಗೆ ಮಾಡಲಿಲ್ಲ. ನನ್ನ ಸುಳ್ಳು ನಾಲ್ಕು ಹುಡುಗರ ಮುಂದೆ ಬಯಲಾಯಿತಲ್ಲ ಎಂಬುದೊಂದೇ ತಲೆಗೆ ಹೋಗಿತ್ತು.

"ಯಾವ ಬರ್ತಡೇ?" ಎಂದು ಗದರಿದೆ. "ನಿನ್ನ ಬರ್ತಡೇ ಹಾನಗಲ್ಲಾಗ ಆಗಿ ಹೋಗೈತಿ. ಸುಳ್ಳ ಹೇಳಿ ಹುಡುಗರನ್ನ ಕರಕೊಂಡ ಬರ್ತೀ?"

ಸಮ್ಮು ಅಳಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ನನ್ನನ್ನೇ ನೋಡಿದಳು. ಸಾಲಿನ ತುದಿಯಲ್ಲಿದ್ದ ಆಫ್ರೀನ್ ಎಂಬ ಹುಡುಗಿ, ಸಮ್ಮುವಿನ ಬೆಂಚಿನವಳು, ಗಂಭೀರವಾಗಿ ಕೇಳಿದಳು: "ಹಂಗಾರ ಟೀಚರ್ ಸುಳ್ಳ ಹೇಳಿದ್ರೇನ್ರಿ ಅಂಕಲ್?"

"ಅಕಿ ಅಪ್ಪ ನಾನು. ಅಕಿ ಯಾವತ್ತ ಹುಟ್ಯಾಳಂತ ನನಗ ಗೊತ್ತಿಲ್ಲೇನು? ಏಳ್ರಿ, ಮನಿಗೆ ಹೋಗ್ರಿ, ಮಳಿ ಬರಾಕತ್ತೈತಿ."

ಹುಡುಗರು ಎದ್ದರು. ಮಲ್ಲು ಎಂಬ ಹುಡುಗ ಹೊಸ್ತಿಲವರೆಗೆ ಹೋದವನು ತಿರುಗಿ ಬಂದು, "ಬರ್ತಡೇ ಅಲ್ಲಂದ್ರ ನನ್ನ ರಬ್ಬರ್ ಕೊಡು," ಎಂದ. ನ್ಯಾಯವಾದ ಮಾತೇ. ಸಮ್ಮು ಕಿಟಕಿಯಲ್ಲಿ ಜೋಡಿಸಿಟ್ಟಿದ್ದ ಉಡುಗೊರೆಗಳನ್ನು ತಂದಳು. ರಬ್ಬರು, ಒಂದು ಪೆನ್ಸಿಲು, ಅರ್ಧ ತೀರಿದ ಸ್ಕೆಚ್ ಪೆನ್ನು, ಒಂದು ಪೇರಲಹಣ್ಣು. ಯಾರದನ್ನೂ ಅದಲುಬದಲು ಮಾಡದೆ ಅವರವರದನ್ನು ಅವರವರ ಕೈಗಿಟ್ಟಳು. ಆಫ್ರೀನ್ ಪೇರಲಹಣ್ಣು ಬೇಡವೆಂದು ಕೈ ಹಿಂದೆ ಕಟ್ಟಿಕೊಂಡಳು. ಸಮ್ಮು ಅದನ್ನು ಅವಳ ಚೀಲದೊಳಗೇ ಹಾಕಿದಳು. ಆಮೇಲೆ ತಾಟುಗಳನ್ನು ಒಂದರ ಮೇಲೊಂದು ಸದ್ದಾಗದಂತೆ ಜೋಡಿಸಿ ಅಡುಗೆಮನೆಗೆ ಒಯ್ದಳು.

ಸುನಂದಾ ಬಂದು, ಹಾಸಿದ್ದ ಜಮಖಾನ ನೋಡಿ ಎಲ್ಲ ಕೇಳಿ ತಿಳಿದುಕೊಂಡಳು. ದುಡ್ಡಿಲ್ಲದ ತಾಪತ್ರಯ, ರೈತರ ಬೈಗಳು ಎಂದು ನಾನೇನೋ ಹೇಳಲು ಹೋದೆ.

"ದುಡ್ಡಿನ ಸಲುವಾಗಿ ನೀವು ಹಂಗ ಮಾಡಲಿಲ್ರಿ," ಎಂದಳು. "ನಿಮ್ಮ ಸುಳ್ಳ ಮುಚ್ಚಾಕ ಕೂಸಿನ್ನ ಸುಳ್ಳಿ ಮಾಡಿದ್ರಿ."

ಆ ಸಂಜೆ ಅವಳು ಶಿರಾ ಮಾಡಿದಳು. ಸಮ್ಮು ಎರಡು ಚಮಚ ತಿಂದು, ಹೋಮ್‌ವರ್ಕ್ ಐತಿ ಎಂದು ಎದ್ದಳು. ಆ ಮೇಣದಬತ್ತಿ ಮುಂದೊಂದು ದಿನ ಕರೆಂಟು ಹೋದಾಗ ಉರಿದು ತೀರಿತು.

ಎರಡು ದಿನ ಬಿಟ್ಟು ಸಾಲಿಯಿಂದ ಟೀಚರ್ ಕರೆಸಿದರು. "ನಿಮ್ಮ ಮಗಳು ರಜಿಸ್ಟರ್‌ನ್ಯಾಗಿನ ತಾರೀಖ ತಪ್ಪೈತಿ, ತಿದ್ದ್ರಿ ಅಂತ ಹಟಾ ಹಿಡದಾಳ್ರಿ. ತಿದ್ದಾಕ ಬರೂದಿಲ್ಲವ್ವಾ ಅಂದ್ರ ಅಳಾಕತ್ತಿದ್ಲು. ಖರೇನ ತಪ್ಪೈತೇನ್ರಿ?" ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಇರಲಿಲ್ಲ. "ಇಲ್ರಿ, ಬರೋಬರಿ ಐತಿ. ಸಣ್ಣ ಹುಡುಗಿ, ಏನೋ ಅಂತಾಳ," ಎಂದು ನಕ್ಕು ಬಂದುಬಿಟ್ಟೆ. ಬೇಸಿಗೆಗೆ ಕಂಪನಿಯ ಕೆಲಸ ಬಿಟ್ಟೆ, ಊರೂ ಬಿಟ್ಟೆವು.

ಆಮೇಲೆ ಅವಳು ಹುಟ್ಟುಹಬ್ಬ ಮಾಡಿರೆಂದು ಒಮ್ಮೆಯೂ ಕೇಳಲಿಲ್ಲ. ನಾವೇ ಮುಂದಾದರೆ, "ಯಾವಾಗರ ಮಾಡೂಣ ಬಿಡು," ಎನ್ನುತ್ತಾಳೆ. ಎಲ್ಲಾದರೂ ಅರ್ಜಿ ತುಂಬುವಾಗ ಹುಟ್ಟಿದ ತಾರೀಖಿನ ಜಾಗ ಬಂದರೆ ಪೆನ್ನು ಎತ್ತಿ ಒಮ್ಮೆ ನನ್ನ ಮುಖ ನೋಡುತ್ತಾಳೆ. ಮೊನ್ನೆ ಇಲ್ಲಿಯ ಕಾಲೇಜಿಗೆ ಹೆಸರು ಹಚ್ಚುವಾಗಲೂ ಹಾಗೇ, ಅಂಕಪಟ್ಟಿ ಕೈಯಲ್ಲೇ ಇದ್ದರೂ. ನಾನು ಹೇಳಿದ ಮೇಲೆ ಬರೆಯುತ್ತಾಳೆ. ಅವಳಿಗೆ ತನ್ನ ಹುಟ್ಟಿನ ದಿನದ ಮೇಲೇ ನಂಬಿಕೆ ಹೋಗುವಂತೆ ಮಾಡಿದೆನಲ್ಲ ಎಂದು ಇಷ್ಟು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದೇನೆ.

ಹೋದ ವಾರ ಅದೇ ಮೂಲೆಯ ಅಂಗಡಿಯಲ್ಲಿ ಅರ್ಧ ಕಿಲೋ ಖಾರಾ ಕಟ್ಟಿಸಿಕೊಂಡು ಬಂದೆ. ಸಮ್ಮು ಕಾಲೇಜಿನಿಂದ ಬಂದು ಕೂತಿದ್ದಳು. ಪೊಟ್ಟಣ ಅವಳ ಮುಂದಿಟ್ಟೆ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಸಮ್ಮು, ಸವಣೂರಾಗ ನೀ ಹುಡುಗರನ್ನ ಕರಕೊಂಡ ಬಂದಿದ್ದಿಯಲ್ಲಾ, ಆವತ್ತ ಖರೇನ ನಿನ್ನ ಬರ್ತಡೇ ಇತ್ತವ್ವಾ. ಸುಳ್ಳ ಹೇಳಿದಾವ ನಾನು."

"ಗೊತ್ತೈತಿ ಪಪ್ಪಾ," ಎಂದಳು ಪೊಟ್ಟಣದ ದಾರ ಬಿಚ್ಚುತ್ತ.

"ಯಾವಾಗ ಗೊತ್ತಾತು?"

"ಆವಾಗನ. ಮರುದಿನ ಟೀಚರ್ ರಜಿಸ್ಟರ್ ತೋರಿಸಿದ್ರು. ನನ್ನ ಹೆಸರು ಓದಾಕ ಬರ್ತಿತ್ತಲ್ಲ ನನಗ."

ನನಗೆ ಅರ್ಥವಾಗಲಿಲ್ಲ. "ಮತ್ತ ತಪ್ಪೈತಿ, ತಿದ್ದ್ರಿ ಅಂತ ಯಾಕ ಅತ್ತಿದ್ದಿ?"

ದಾರದ ಗಂಟು ಬಿಚ್ಚುತ್ತಿದ್ದ ಅವಳ ಕೈ ನಿಂತಿತು. "ಮಲ್ಲು ಎಲ್ಲಾರ ಮುಂದ ಸಮೃದ್ಧಿ ಅಪ್ಪ ಸುಳ್ಳ ಹೇಳ್ತಾನ ಅಂದ. ತಾರೀಖ ತಿದ್ದಿದ್ರ ನೀ ಹೇಳಿದ್ದ ಖರೇ ಆಗತಿತ್ತಲ್ಲ ಪಪ್ಪಾ," ಎಂದಳು.

ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ಮೂರು ತಾಟು ತಂದಳು. ಖಾರಾ ಹಾಕಿ ಮೊದಲನೆಯದನ್ನು ನನ್ನ ಮುಂದಿಟ್ಟು, "ತಿನ್ನು ಪಪ್ಪಾ, ಮೆತ್ತಗಾಕ್ಕೈತಿ," ಎಂದಳು.